ಘಟ್ಟವೇರುವ ಮುನ್ನ: ಮೋಟಾರ್ ಸೈಕಲ್ಲಿನ ಕ್ಲಚ್ಚೂ ಸವಾರನ ಕೈಯೂ

ಮುಂಬಯಿಯಿಂದ ನಾಸಿಕದ ಕಡೆಗೆ ಹೊರಟ ರಸ್ತೆಯು ಕಸಾರಾ ದಾಟಿದೊಡನೆ ಸಹ್ಯಾದ್ರಿಯ ಮೈಯನ್ನು ಹತ್ತತೊಡಗುತ್ತದೆ. ಥಳ ಘಾಟ್ ಎಂದು ಹೆಸರಾದ ಈ ಘಟ್ಟವು ರೈಲಿಗೂ ಸುಲಭವಾಗಿ ಮಣಿದುದಲ್ಲ. 1865ರಲ್ಲಿ ಇಲ್ಲಿ ಹಳಿ ಹಾಯಿಸಿದ ಇಂಜಿನಿಯರರು ಮೂವತ್ತೇಳು ಅಡಿ ಸಾಗುವಷ್ಟರಲ್ಲಿ ಒಂದಡಿ ಏರುವ ಕಡಿದಾದ ದಾರಿಯನ್ನೇ ಒಪ್ಪಿಕೊಳ್ಳಬೇಕಾಯಿತು. ಇಂದಿಗೂ ಅನೇಕ ಗಾಡಿಗಳಿಗೆ ಕಸಾರಾದಲ್ಲಿ ಹಿಂದಿನಿಂದ ತಳ್ಳುವ ಹೆಚ್ಚುವರಿ ಎಂಜಿನ್ನುಗಳನ್ನು ಜೋಡಿಸಿ, ಇಗತಪುರಿಯಲ್ಲಿ ಬಿಡಿಸುತ್ತಾರೆ. ಮೋಟಾರ್ ಸೈಕಲ್ ಸವಾರನನ್ನು ಹಿಂದಿನಿಂದ ತಳ್ಳುವವರು ಯಾರೂ ಇಲ್ಲ. ಅವನ ಬಳಿ ಇರುವುದು ಒಂದೇ ಎಂಜಿನ್ನು, ಮತ್ತು ಆ ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸುವ, ಅಂಗೈಯಗಲದ ಕೆಲವು ಬಿಲ್ಲೆಗಳು. ಆ ಬಿಲ್ಲೆಗಳ ಕಟ್ಟಿಗೇ ಕ್ಲಚ್ ಎಂದು ಹೆಸರು.

ಮುಂಬಯಿ, ಠಾಣೆ, ಕಲ್ಯಾಣಗಳಲ್ಲಿ ನೆಲೆಸಿದ ನಮ್ಮ ಕನ್ನಡ ಬಂಧುಗಳಲ್ಲಿ ಈ ಘಟ್ಟವನ್ನು ದ್ವಿಚಕ್ರದ ಮೇಲೆ ಹತ್ತಿದವರು ಕಡಿಮೆಯೇನಲ್ಲ. ಪಂಚವಟಿ, ತ್ರ್ಯಂಬಕೇಶ್ವರ, ಶಿರಡಿಗಳ ದರ್ಶನ. ಇನ್ನೂ ಮುಂದೆ ಸಾಗಿದರೆ 2023ರ ತನಕ ಔರಂಗಾಬಾದು ಎಂದು ಕರೆಯಲ್ಪಡುತ್ತಿದ್ದ ಛತ್ರಪತಿ ಸಂಭಾಜಿನಗರ. ಅದರಾಚೆ ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಎಲ್ಲೋರದ ಕೈಲಾಸ. ಆ ಜಿಲ್ಲೆಯಲ್ಲಿ ‘ಕನ್ನಡ’ ಎಂಬ ಹೆಸರಿನ ತಾಲ್ಲೂಕು ಊರೇ ಒಂದುಂಟು. ಅಲ್ಲಿಂದ ಚಾಳೀಸಗಾಂವದ ಕಡೆಗೆ ಇಳಿಯುವ ಔಟ್ರಮ್ ಘಾಟ್ ಸಹ ವಾಹನದ ಸತ್ವವನ್ನು ಪರೀಕ್ಷಿಸುವಂಥದೇ. 2025ರಲ್ಲಿ ಸಮೃದ್ಧಿ ಮಹಾಮಾರ್ಗದ ಕೊನೆಯ ಭಾಗವು ತೆರೆದ ಮೇಲೆ ಕಾರಿನವರಿಗೆ ಕಸಾರಾ ಘಟ್ಟದ ತೊಂದರೆ ತಪ್ಪಿತು. ಆದರೆ ಆ ಹೆದ್ದಾರಿಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಟ್ಯಾಂಕಿನ ಮೇಲೆ ಚೀಲವಿಟ್ಟುಕೊಂಡು ಹೊರಟ ಸವಾರನು ಇಂದಿಗೂ ಲಾರಿಗಳ ಸಾಲಿನ ನಡುವೆ ಹಳೆಯ ಘಟ್ಟವನ್ನೇ ಹತ್ತಬೇಕು.

ಘಟ್ಟ ಹತ್ತಿ ಬಂದವರು ಸ್ವಲ್ಪ ವಿಶ್ರಮಿಸುವ ಊರುಗಳಲ್ಲಿ ನಮ್ಮ ದೇವಳಾಲಿ ಕ್ಯಾಂಪ್ ಒಂದು. ಮುಂಬಯಿಯ ಜನರು ಹಿಂದೆ ಹವೆ ಬದಲಾವಣೆಗಾಗಿ ಇಲ್ಲಿಯ ಸ್ಯಾನಿಟೋರಿಯಮ್‌ಗಳಿಗೆ ಬಂದು ತಿಂಗಳುಗಟ್ಟಲೆ ಉಳಿಯುತ್ತಿದ್ದರು. ಇದು ಮೊದಲಿನಿಂದಲೂ ಸೈನ್ಯದ ಊರು. ತಾಯ್ನಾಡಿಗೆ ಮರಳುವ ಹಡಗಿಗಾಗಿ ಇಲ್ಲಿ ಕಾದು ಕಾದು ಬೇಸತ್ತ ಬ್ರಿಟಿಷ್ ಸಿಪಾಯಿಗಳಿಂದಾಗಿ, ತಲೆಕೆಟ್ಟವನಿಗೆ ‘ಡೂಲಾಲಿ’ ಎನ್ನುವ ಮಾತು ಇಂಗ್ಲಿಷಿಗೆ ಸೇರಿತೆಂಬುದು ಪ್ರಸಿದ್ಧ ಸಂಗತಿ. ಈಗ ಇಲ್ಲಿ ತೋಪುಖಾನೆಯ ತರಬೇತಿ ಶಾಲೆಯುಂಟು. ಸೈನ್ಯವಿದ್ದಲ್ಲಿ ಬುಲೆಟ್ ಮೋಟಾರ್ ಸೈಕಲ್ ಇದ್ದೇ ಇರುತ್ತದೆ. 1955ರಲ್ಲಿ ಮದರಾಸಿನಲ್ಲಿ ಜೋಡಣೆಗೆ ಪ್ರಾರಂಭವಾದ ಆ ವಾಹನವನ್ನು ನಮ್ಮ ದೇಶಕ್ಕೆ ತರಿಸಿದುದೇ ಸೈನ್ಯದ ಬೇಡಿಕೆ. ಇತ್ತ ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು 1964ರಲ್ಲಿ ಮಿಗ್ ವಿಮಾನಗಳಿಗಾಗಿ ನಾಸಿಕದ ಬಳಿಯ ಓಝರಿನಲ್ಲಿ ತನ್ನ ವಿಭಾಗವನ್ನು ತೆರೆಯಿತು. ಹೀಗೆ ಸೈನ್ಯ, ಕಾರ್ಖಾನೆ ಎರಡರ ದಾರಿಯಿಂದಲೂ ಯಂತ್ರ ಬಲ್ಲ ಕನ್ನಡಿಗರು ಈ ಸೀಮೆಗೆ ಬಂದು ಸೇರಿದ್ದಾರೆ. ಲ್ಯಾಮ್ ರಸ್ತೆಯ ಆಚೀಚೆಯ ಗ್ಯಾರೇಜುಗಳಲ್ಲಿ ಅಂಥವರ ಮಾತು ಕೇಳುತ್ತ ಕುಳಿತರೆ ಎಷ್ಟೋ ಪುಸ್ತಕಗಳಲ್ಲಿಲ್ಲದ ವಿಷಯ ತಿಳಿಯುತ್ತದೆ.

ಬಿಲ್ಲೆಗಳ ಕಟ್ಟು

ಎಂಜಿನ್ನು ಒಮ್ಮೆ ಪ್ರಾರಂಭವಾಯಿತೆಂದರೆ ತಿರುಗುತ್ತಲೇ ಇರಬೇಕು; ಚಕ್ರವಾದರೋ ಸಿಗ್ನಲ್ಲಿನಲ್ಲಿ ನಿಲ್ಲಬೇಕು, ಮತ್ತೆ ಮೆಲ್ಲಗೆ ಚಲಿಸಬೇಕು, ಗೇರು ಬದಲಾಗುವ ಕ್ಷಣದಲ್ಲಿ ಎಂಜಿನ್ನಿನಿಂದ ಬಿಡಿಸಿಕೊಳ್ಳಬೇಕು. ಇವೆರಡರ ನಡುವೆ ಬೇಕೆಂದಾಗ ಕೂಡಿಸುವ, ಬೇಡವೆಂದಾಗ ಅಗಲಿಸುವ ಸಾಧನವೇ ಕ್ಲಚ್ಚು. ಮೋಟಾರ್ ಸೈಕಲ್ಲಿನಲ್ಲಿ ಸ್ಥಳ ಕಡಿಮೆ. ಕಾರಿನಲ್ಲಿರುವಂತೆ ಒಂದೇ ದೊಡ್ಡ ತಟ್ಟೆಯನ್ನು ಇಡುವಂತಿಲ್ಲ. ಆದುದರಿಂದ ಸಣ್ಣ ಸಣ್ಣ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿ, ಅವುಗಳ ಮುಖಗಳ ಸಂಖ್ಯೆಯನ್ನು ಹೆಚ್ಚಿಸಿ ಹಿಡಿತವನ್ನು ಪಡೆಯುತ್ತಾರೆ. ಘರ್ಷಣೆಯ ಲೇಪವುಳ್ಳ ಒಂದು ಪ್ಲೇಟು, ಅದರ ಮೇಲೆ ಬರಿಯ ಉಕ್ಕಿನ ಒಂದು ಪ್ಲೇಟು, ಮತ್ತೆ ಲೇಪದ ಪ್ಲೇಟು, ಹೀಗೆ ಸಾಲು. ಲೇಪದ ಪ್ಲೇಟುಗಳ ಹೊರಅಂಚಿನ ಹಲ್ಲುಗಳು ಎಂಜಿನ್ನಿನಿಂದ ತಿರುಗುವ ಹೌಸಿಂಗಿನ ಗಾಡಿಗಳಲ್ಲಿ ಕೂರುತ್ತವೆ. ಉಕ್ಕಿನ ಪ್ಲೇಟುಗಳ ಒಳಅಂಚಿನ ಹಲ್ಲುಗಳು ಗೇರ್ ಪೆಟ್ಟಿಗೆಗೆ ಸೇರಿದ ಕ್ಲಚ್ ಸೆಂಟರನ್ನು ಹಿಡಿದಿರುತ್ತವೆ. ಎಲ್ಲದರ ಮೇಲೆ ಪ್ರೆಶರ್ ಪ್ಲೇಟು. ಅದನ್ನು ಒತ್ತಿ ಹಿಡಿಯಲು ಸ್ಪ್ರಿಂಗುಗಳು. ಸವಾರನು ಎಡಗೈಯ ಲೀವರನ್ನು ಎಳೆದಾಗ ಸ್ಪ್ರಿಂಗುಗಳ ಒತ್ತಡ ಸರಿದು ಪ್ಲೇಟುಗಳು ಸಡಿಲವಾಗುತ್ತವೆ. ಬಿಟ್ಟಾಗ ಒಂದನ್ನೊಂದು ಅಪ್ಪಿ ಒಂದೇ ತುಂಡಿನಂತೆ ತಿರುಗುತ್ತವೆ. ಇಷ್ಟೂ ವ್ಯವಹಾರ ಎಣ್ಣೆಯಲ್ಲಿ ಮುಳುಗಿಯೇ ನಡೆಯುತ್ತದೆ.

ಸವೆತವು ಎಲ್ಲಿಂದ ಬರುತ್ತದೆ? ಪ್ಲೇಟುಗಳು ಪೂರ್ತಿ ಅಗಲಿದಾಗಲೂ ಸವೆಯುವುದಿಲ್ಲ, ಪೂರ್ತಿ ಅಪ್ಪಿದಾಗಲೂ ಸವೆಯುವುದಿಲ್ಲ. ಅರ್ಧ ಹಿಡಿದ ಸ್ಥಿತಿಯಲ್ಲಿ, ಒಂದರ ಮೇಲೊಂದು ಜಾರುವಾಗ ಮಾತ್ರ ಸವೆಯುತ್ತವೆ. ಸಾಯನ್ನಿನಿಂದ ಘಾಟ್ಕೋಪರದವರೆಗೆ ಸಂಜೆಯ ಜನಸಂದಣಿಯಲ್ಲಿ ಆಮೆಯಂತೆ ತೆವಳುವ ಸವಾರನು ಮಾಡುವುದು ಇದನ್ನೇ. ಏರಿನಲ್ಲಿ ಬ್ರೇಕು ಹಿಡಿಯದೆ ಕ್ಲಚ್ಚಿನ ಮೇಲೆಯೇ ಗಾಡಿಯನ್ನು ನಿಲ್ಲಿಸಿಕೊಳ್ಳುವವನೂ, ಸುಮ್ಮನೆ ಅಭ್ಯಾಸಬಲದಿಂದ ಎರಡು ಬೆರಳನ್ನು ಸದಾ ಲೀವರಿನ ಮೇಲೆ ಒತ್ತಿಟ್ಟುಕೊಂಡಿರುವವನೂ ಅದೇ ಕೆಲಸ ಮಾಡುತ್ತಿರುತ್ತಾರೆ.

ಇಲ್ಲಿ ಒಂದು ಸಣ್ಣ ಗಣಿತವುಂಟು. ಲೇಪದ ಐದು ಪ್ಲೇಟುಗಳಿದ್ದು ಒಂದೊಂದೂ 0.2 ಮಿಲಿಮೀಟರಿನಷ್ಟು ಸವೆಯಿತೆನ್ನಿ. ಕೈಯಲ್ಲಿ ಹಿಡಿದು ನೋಡಿದರೆ ಅದು ಕಣ್ಣಿಗೇ ಬೀಳದು. ಆದರೆ ಕಟ್ಟಿನ ಒಟ್ಟು ಎತ್ತರದಲ್ಲಿ ಒಂದು ಮಿಲಿಮೀಟರು ಕಡಿಮೆಯಾಯಿತು. ಅಷ್ಟರಮಟ್ಟಿಗೆ ಸ್ಪ್ರಿಂಗುಗಳು ಹಿಗ್ಗಿ, ಅವುಗಳ ಒತ್ತುವ ಬಲವೂ ಕುಗ್ಗಿತು. ಒತ್ತಡ ಕುಗ್ಗಿದರೆ ಜಾರುವಿಕೆ ಹೆಚ್ಚು, ಜಾರಿದರೆ ಬಿಸಿ, ಬಿಸಿಯಾದರೆ ಸ್ಪ್ರಿಂಗಿನ ಸತ್ವವೂ ಲೇಪದ ಸತ್ವವೂ ಇನ್ನಷ್ಟು ಇಳಿಯುತ್ತದೆ. ವರ್ಷಗಟ್ಟಲೆ ನಿಧಾನವಾಗಿ ಸವೆದ ಕ್ಲಚ್ಚು ಕೊನೆಯ ಹಂತದಲ್ಲಿ ಒಂದೇ ಘಟ್ಟದ ದಾರಿಯಲ್ಲಿ ಸುಟ್ಟುಹೋಗುವುದು ಈ ಕಾರಣದಿಂದ.

ಇನ್ನೊಂದು ಸೂಕ್ಷ್ಮವನ್ನು ಹೆಚ್ಚಿನ ಸವಾರರು ಅರಿಯರು. ಕೇಬಲ್ಲು ಹಳೆಯದಾಗಿ ಜಗ್ಗಿದರೆ ಲೀವರಿನ ಸಡಿಲು ಹೆಚ್ಚುತ್ತದೆ. ಪ್ಲೇಟು ಸವೆದರೆ ಇದಕ್ಕೆ ವಿರುದ್ಧವಾಗಿ ಸಡಿಲು ಕಡಿಮೆಯಾಗುತ್ತದೆ. ಪ್ರೆಶರ್ ಪ್ಲೇಟು ಒಳಕ್ಕೆ ಸರಿದು, ಒಳಗಿನ ಸಲಾಕೆಯನ್ನು ಸದಾ ತಳ್ಳಿಕೊಂಡೇ ಇರುತ್ತದೆ. ಬೆಳಗಾವಿ ಕಡೆಯವರೊಬ್ಬರು, ಸೈನ್ಯದ ಇ.ಎಂ.ಇ. ವಿಭಾಗದಿಂದ ನಿವೃತ್ತರಾದ ಹವಾಲ್ದಾರರು, ಒಂದು ದಿನ ಗ್ಯಾರೇಜಿನಲ್ಲಿ ಮುಂಬಯಿಯಿಂದ ಬಂದ ತರುಣನಿಗೆ ಇದನ್ನು ಎರಡೇ ಮಾತಿನಲ್ಲಿ ತಿಳಿಸಿದರು. ಗಾಡಿ ಎಳೆಯುವುದಿಲ್ಲವೆಂದು ಆತ ದೂರಿಕೊಂಡ: “ಕಾಕಾ, ಕೇಬಲ್ ಒಂದಿಷ್ಟು ಬಿಗಿ ಮಾಡಿಕೊಡ್ರಿ, ಸಾಕು.” ಅವರು ಲೀವರನ್ನೊಮ್ಮೆ ಬೆರಳಿನಿಂದ ಮುಟ್ಟಿ ನೋಡಿ, “ಬಿಗಿ ಮಾಡೂದಲ್ಲ ತಮ್ಮಾ, ಸಡ್ಲ ಮಾಡಬೇಕು. ಪ್ಲೇಟು ಸವದಾವು, ಅದಕ್ಕ ಕೇಬಲ್ ತಾನಾಗೇ ಬಿಗಿ ಆಗೇದ. ಇನ್ನೂ ಬಿಗದ್ರ ಘಟ್ಟ ಇಳಿಯೂದ್ರಾಗ ಸುಟ್ಟು ಹೋಗ್ತಾವು” ಎಂದರು.

ಮೈಸೂರಿನ ಜಾಣತನ

ಕ್ಲಚ್ಚಿನ ಮಾತು ಬಂದಾಗ ಮೈಸೂರನ್ನು ನೆನೆಯದೆ ಮುಂದೆ ಹೋಗುವುದು ಕನ್ನಡಿಗರಿಗೆ ಸಲ್ಲದು. ರುಸ್ತುಂ ಇರಾನಿಯವರು ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆಯು ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಚೆಕೊಸ್ಲೊವಾಕಿಯದ ಜಾವಾ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿತು. 1973ರಿಂದ ಅವುಗಳಿಗೆ ಎಜ್ದಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ 250ರಲ್ಲಿ ಒಂದು ವಿಶೇಷವಿತ್ತು. ಗೇರು ಬದಲಿಸುವ ಕಾಲಿನ ಲೀವರನ್ನು ಒತ್ತಿದಾಗ ಅದೇ ಒತ್ತುವಿಕೆಯಿಂದ ಕ್ಲಚ್ಚೂ ಅಗಲುತ್ತಿತ್ತು. ನಿಂತಲ್ಲಿಂದ ಹೊರಡುವಾಗ ಮಾತ್ರ ಕೈಯ ಲೀವರು ಬೇಕು. ಓಡುವಾಗ ಗೇರು ಬದಲಿಸಲು ಎಡಗೈಗೆ ಕೆಲಸವೇ ಇಲ್ಲ. ಆ ಲೀವರನ್ನೇ ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ ಆಗುತ್ತಿದ್ದುದಂತೂ ಹೊಸಬರಿಗೆ ಒಂದು ಸೋಜಿಗ. ಅದರ ಕ್ಲಚ್ ಪ್ಲೇಟುಗಳಲ್ಲಿ ಘರ್ಷಣೆಗಾಗಿ ಬೆಂಡಿನ, ಅಂದರೆ ಕಾರ್ಕಿನ, ತುಂಡುಗಳನ್ನು ಕೂರಿಸಿರುತ್ತಿದ್ದರು. ಕಾರ್ಕು ಎಣ್ಣೆಯಲ್ಲಿ ನೆನೆದಾಗ ಮೃದುವಾಗಿ ಹಿಡಿಯುತ್ತದೆ, ಒಣಗಿದರೆ ಕರಕಲಾಗುತ್ತದೆ. ಹಳೆಯ ಜಾವಾ ಸಾಕಿಕೊಂಡವರು ಇಂದಿಗೂ ಕಾಣಸಿಗುತ್ತಾರೆ. ಅವರಿಗೆ ಹೇಳಬೇಕಾದುದು ಒಂದೇ: ಕೈಯ ಕೇಬಲ್ಲಿಗೆ ಸಡಿಲು ಬೇಕಾದಂತೆ ಕಾಲಿನ ಸ್ವಯಂಚಾಲಿತ ಏರ್ಪಾಟಿಗೂ ಹೊಂದಾಣಿಕೆ ಬೇಕು. ಒಂದನ್ನು ಸರಿಪಡಿಸಿ ಇನ್ನೊಂದನ್ನು ಮರೆತರೆ ಹೊಸ ಪ್ಲೇಟು ಹಾಕಿದರೂ ಗಾಡಿ ಜಾರುತ್ತಲೇ ಇರುತ್ತದೆ.

ಪರೀಕ್ಷೆ

ವಾಹನವು ಮೊದಲೇ ಸೂಚನೆ ಕೊಡುತ್ತದೆ. ಏರಿನಲ್ಲಿ ಕೈಯ ಎಕ್ಸಲೇಟರನ್ನು ತಿರುವಿದಾಗ ಎಂಜಿನ್ನಿನ ಸದ್ದು ಏರುತ್ತದೆ, ಆದರೆ ವೇಗ ಏರುವುದಿಲ್ಲ. ಪೆಟ್ರೋಲು ಹಿಂದಿಗಿಂತ ಬೇಗ ಮುಗಿಯುತ್ತದೆ. ಸುಟ್ಟ ವಾಸನೆ ಬರುತ್ತದೆ. ಸಮತಟ್ಟಾದ, ವಾಹನಗಳಿಲ್ಲದ ರಸ್ತೆಯಲ್ಲಿ ಕೊನೆಯ ಗೇರಿನಲ್ಲಿ ಗಂಟೆಗೆ 40 ಕಿಲೋಮೀಟರಿನ ವೇಗದಲ್ಲಿ ಹೋಗುತ್ತ ಎಕ್ಸಲೇಟರನ್ನು ತಟ್ಟನೆ ಪೂರ್ತಿ ತೆರೆಯಿರಿ. ಕ್ಲಚ್ಚು ಆರೋಗ್ಯವಾಗಿದ್ದರೆ ಸದ್ದೂ ವೇಗವೂ ಜೊತೆಯಾಗಿ ನಿಧಾನವಾಗಿ ಏರುತ್ತವೆ. ಸದ್ದು ಮಾತ್ರ ಹಾರಿ, ಆಮೇಲೆ ವೇಗವು ಅದನ್ನು ಹಿಂಬಾಲಿಸಿದರೆ ಪ್ಲೇಟುಗಳು ಜಾರುತ್ತಿವೆ. ಇದಕ್ಕೆ ತದ್ವಿರುದ್ಧವಾದ ರೋಗವೂ ಉಂಟು: ಲೀವರನ್ನು ಪೂರ್ತಿ ಎಳೆದರೂ ಪ್ಲೇಟುಗಳು ಅಗಲುವುದಿಲ್ಲ, ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಸಿಕ್ಕುವುದಿಲ್ಲ, ಮೊದಲ ಗೇರು ಹಾಕಿದೊಡನೆ ಗಾಡಿ ಮುಂದಕ್ಕೆ ಜಿಗಿಯುತ್ತದೆ. ಇದು ಕೇಬಲ್ಲಿನ ದೋಷವಾಗಿರಬಹುದು, ಬಾಗಿದ ಉಕ್ಕಿನ ಪ್ಲೇಟಿನ ದೋಷವಾಗಿರಬಹುದು.

ಘಟ್ಟ ಹತ್ತುವಾಗಿನ ಜಾರುವಿಕೆಯನ್ನು ಎಲ್ಲರೂ ಗಮನಿಸುತ್ತಾರೆ. ಹೆಚ್ಚಿನ ಅಪಾಯವಿರುವುದು ಇಳಿಯುವಾಗ. ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಬಂದು ಎಂಜಿನ್ನಿನ ತಡೆಯಿಂದಲೇ ವೇಗವನ್ನು ಹಿಡಿತದಲ್ಲಿಡಬೇಕಷ್ಟೆ. ಸವೆದ ಕ್ಲಚ್ಚು ಆ ತಡೆಯನ್ನು ಚಕ್ರಕ್ಕೆ ಮುಟ್ಟಿಸುವುದಿಲ್ಲ. ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಕಾದು ಕಾದು ಹಿಡಿತ ಬಿಡುವ ವೇಳೆಗೆ ಮುಂದೆ ತಿರುವು, ಹಿಂದೆ ಲಾರಿ. ಪೆಟ್ರೋಲು ಉಳಿಸುತ್ತೇವೆಂದು ಕ್ಲಚ್ಚು ಹಿಡಿದೇ ಘಟ್ಟವಿಳಿಯುವ ಮಹನೀಯರು ಒಳ್ಳೆಯ ಕ್ಲಚ್ಚಿರುವಾಗಲೂ ಇದೇ ಅಪಾಯವನ್ನು ಕೈಯಾರೆ ತಂದುಕೊಳ್ಳುತ್ತಾರೆ.

ಬಿಚ್ಚುವ ಮೊದಲು ಕೇಬಲ್ಲನ್ನು ನೋಡಬೇಕು. ಬಹಳ ಸಲ ರೋಗವು ಅಲ್ಲಿಯೇ ಇರುತ್ತದೆ. ಲೀವರಿನ ತುದಿಯಲ್ಲಿ ಸುಮಾರು 10ರಿಂದ 15 ಮಿಲಿಮೀಟರು ಸಡಿಲು ಅನೇಕ ಗಾಡಿಗಳಿಗೆ ಸರಿಹೋಗುತ್ತದೆ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಅಂಕಿಯಿದ್ದರೆ ಅದೇ ಪ್ರಮಾಣ. ಒಳಎಳೆಗಳು ಹರಿದಿದ್ದರೆ, ಎಣ್ಣೆ ಬಿಟ್ಟರೂ ಬಿಗಿಯಾಗಿ ಚಲಿಸುತ್ತಿದ್ದರೆ ಕೇಬಲ್ಲನ್ನೇ ಬದಲಿಸುವುದು ಲೇಸು. ಎಣ್ಣೆಯ ವಿಚಾರವನ್ನೂ ಕೇಳಿಕೊಳ್ಳಿ. ಕಾರಿಗಾಗಿ ತಯಾರಾದ, ಇಂಧನ ಉಳಿಸುವುದೆಂದು ಡಬ್ಬಿಯ ಮೇಲೆ ಬರೆದುಕೊಂಡ ಕೆಲವು ಎಣ್ಣೆಗಳಲ್ಲಿ ಘರ್ಷಣೆಯನ್ನು ಕುಗ್ಗಿಸುವ ದ್ರವ್ಯಗಳಿರುತ್ತವೆ. ಎಂಜಿನ್ನಿಗೆ ಅದು ಹಿತ. ಅದೇ ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಅಹಿತ. ಡಬ್ಬಿಯ ಮೇಲೆ ‘ಜಾಸೋ ಎಂ.ಎ.’ ಎಂಬ ಗುರುತಿದ್ದರೆ ಅದು ಮೋಟಾರ್ ಸೈಕಲ್ಲಿನ ಒದ್ದೆ ಕ್ಲಚ್ಚಿಗೆ ತಕ್ಕ ಎಣ್ಣೆ. ಅಪರೂಪಕ್ಕೆ, ತಪ್ಪು ಎಣ್ಣೆಯನ್ನು ಚೆಲ್ಲಿ ಸರಿಯಾದುದನ್ನು ತುಂಬಿದ ಮಾತ್ರಕ್ಕೇ ರೋಗ ವಾಸಿಯಾಗುವುದುಂಟು.

ಬಿಚ್ಚುವುದು, ನೋಡುವುದು, ಬದಲಿಸುವುದು

ಹಳೆಯ ಬುಲೆಟ್ಟಿನಲ್ಲಿ ಈ ಕೆಲಸವು ಮನೆಯಂಗಳದಲ್ಲಿಯೇ ಆಗುವಂಥದು. ಗೇರು ಬಲಗಾಲಿನಲ್ಲಿಯೂ ಬ್ರೇಕು ಎಡಗಾಲಿನಲ್ಲಿಯೂ ಇದ್ದ ಕಾಲದ ಗಾಡಿಯನ್ನು ಕುರಿತು ಹೇಳುತ್ತಿದ್ದೇನೆ. ಅದರಲ್ಲಿ ಕ್ಲಚ್ಚು ಎಡಬದಿಯ ಚೈನ್ ಕೇಸಿನಲ್ಲಿ, ಎಂಜಿನ್ನಿನ ಎಣ್ಣೆಯಿಂದ ಪ್ರತ್ಯೇಕವಾಗಿ, ತನ್ನದೇ ಸ್ವಲ್ಪ ಎಣ್ಣೆಯಲ್ಲಿ ಓಡುತ್ತದೆ. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ನು ಪೂರ್ತಿ ಆರಿದ ಮೇಲೆ, ಕೆಳಗೊಂದು ಅಗಲವಾದ ತಟ್ಟೆಯನ್ನಿಟ್ಟು, ಎಡಗಡೆಯ ಫುಟ್‌ರೆಸ್ಟ್ ಮತ್ತು ಬ್ರೇಕ್ ಪೆಡಲನ್ನು ತೆಗೆಯಬೇಕು. ಅಷ್ಟು ದೊಡ್ಡ ಮುಚ್ಚಳವನ್ನು ಹಿಡಿದಿರುವುದು ನಡುವಿನ ಒಂದೇ ನಟ್ಟು. ಅದನ್ನು ಸಡಲಿಸಿ ಮುಚ್ಚಳವನ್ನು ಸರಿಸಿದರೆ ಎಣ್ಣೆ ತಟ್ಟೆಗೆ ಸುರಿದು ಕ್ಲಚ್ಚು ಕಣ್ಣೆದುರಿಗೆ ಬರುತ್ತದೆ. 1985ರಲ್ಲಿ ಪ್ರಾರಂಭವಾದ ಸಂಭಾಜಿನಗರದ ವಾಳೂಜಿನ ಬಜಾಜ್ ಕಾರ್ಖಾನೆಯಂಥ ಕಡೆಗಳಿಂದ ಬಂದು ನಮ್ಮ ಬೀದಿಗಳನ್ನು ತುಂಬಿರುವ ಸಣ್ಣ ಗಾಡಿಗಳಲ್ಲಿ ಕ್ಲಚ್ಚಿರುವುದು ಸಾಮಾನ್ಯವಾಗಿ ಬಲಬದಿಯಲ್ಲಿ, ಕಿಕ್ ಇರುವ ಕಡೆ. ಅಲ್ಲಿ ಎಂಜಿನ್ನಿನ ಎಣ್ಣೆಯನ್ನೇ ಮೊದಲು ಬಸಿಯಬೇಕು; ಕಿಕ್ಕನ್ನು ತೆಗೆಯಬೇಕು; ಮುಚ್ಚಳದ ಬೋಲ್ಟುಗಳು ಬೇರೆ ಬೇರೆ ಉದ್ದದವಾದುದರಿಂದ, ಒಂದು ರಟ್ಟಿನ ಮೇಲೆ ಮುಚ್ಚಳದ ಆಕಾರವನ್ನು ಬರೆದು ಆಯಾ ಬೋಲ್ಟನ್ನು ಆಯಾ ತೂತಿಗೆ ಚುಚ್ಚಿಡುವುದು ಹಳೆಯ ಮೇಸ್ತ್ರಿಗಳ ಪದ್ಧತಿ. ಹೊಸ ಪ್ಯಾಕಿಂಗನ್ನು ಮೊದಲೇ ತಂದಿಟ್ಟುಕೊಂಡಿರಬೇಕು. ಹಳೆಯದು ಬಿಚ್ಚುವಾಗ ಹರಿಯುವುದೇ ಹೆಚ್ಚು.

ಸ್ಪ್ರಿಂಗಿನ ಬೋಲ್ಟುಗಳನ್ನು ಒಂದನ್ನೇ ಪೂರ್ತಿ ಬಿಚ್ಚದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪ ಸಡಲಿಸುತ್ತ ಬರಬೇಕು. ಪ್ಲೇಟುಗಳನ್ನು ಹೊರತೆಗೆದ ಅನುಕ್ರಮದಲ್ಲಿಯೇ, ಯಾವ ಮುಖ ಹೊರಗಿತ್ತೆಂಬುದೂ ತಿಳಿಯುವಂತೆ, ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಡಬೇಕು. ಇನ್ನು ನೋಡುವ ಕೆಲಸ. ಇಲ್ಲಿ ಅವಸರ ಸಲ್ಲದು.

ಲೇಪದ ಪ್ಲೇಟಿನ ದಪ್ಪವನ್ನು ವರ್ನಿಯರ್ ಕ್ಯಾಲಿಪರಿನಿಂದ ಮೂರು ನಾಲ್ಕು ಕಡೆ ಅಳೆಯಿರಿ. ಸಣ್ಣ ಗಾಡಿಗಳಲ್ಲಿ ಹೊಸ ಪ್ಲೇಟು ಸಾಮಾನ್ಯವಾಗಿ 3 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ, ಅದರಲ್ಲಿ 0.3ರಿಂದ 0.5ರಷ್ಟು ಹೋದರೆ ಆಯುಷ್ಯ ಮುಗಿದಂತೆ. ಲೇಪದ ಮೇಲಿನ ಗೀರುಗಳು ಮಾಯವಾಗಿ ಮುಖವು ಗಾಜಿನಂತೆ ಹೊಳೆಯುತ್ತಿದ್ದರೆ ದಪ್ಪ ಉಳಿದಿದ್ದರೂ ಪ್ರಯೋಜನವಿಲ್ಲ. ಉಕ್ಕಿನ ಪ್ಲೇಟಿನ ಮೇಲೆ ನೀಲಿ ಕಲೆಗಳು ಕಂಡರೆ ಅದು ಅತಿಯಾಗಿ ಕಾದಿದೆಯೆಂದರ್ಥ. ದಪ್ಪ ಗಾಜಿನ ತುಂಡಿನ ಮೇಲೆ ಅದನ್ನು ಮಲಗಿಸಿ, ಸಂದಿಯಲ್ಲಿ ಫಿಲ್ಲರ್ ಗೇಜಿನ ಎಲೆಯನ್ನು ತೂರಿಸಿ ನೋಡಿರಿ. 0.2 ಮಿಲಿಮೀಟರಿನ ಎಲೆ ಸಲೀಸಾಗಿ ಒಳಹೊಕ್ಕರೆ ಪ್ಲೇಟು ಬಾಗಿದೆ. ಸುತ್ತಿಗೆಯಿಂದ ತಟ್ಟಿ ನೇರಗೊಳಿಸುವ ಸಾಹಸ ಬೇಡ. ಸ್ಪ್ರಿಂಗುಗಳನ್ನು ಗಾಜಿನ ಮೇಲೆ ಸಾಲಾಗಿ ನಿಲ್ಲಿಸಿದರೆ ಕುಗ್ಗಿದುದು ತಾನೇ ತಲೆತಗ್ಗಿಸಿ ತೋರಿಸಿಕೊಡುತ್ತದೆ. ಒಂದು ಕುಗ್ಗಿದ್ದರೂ ಎಲ್ಲವನ್ನೂ ಬದಲಿಸಬೇಕು. ಹೊಸದೊಂದು, ಹಳೆಯವು ಮೂರು ಸೇರಿದರೆ ಪ್ರೆಶರ್ ಪ್ಲೇಟು ಓರೆಯಾಗಿ ಏಳುತ್ತದೆ.

ಬಹುಮಂದಿ ಮೆಕ್ಯಾನಿಕರು ನೋಡದೆ ಬಿಡುವ ಸ್ಥಳವೊಂದುಂಟು. ಹೌಸಿಂಗಿನ ಗಾಡಿಗಳ ಪಕ್ಕೆಗಳನ್ನು ಉಗುರಿನಿಂದ ಸವರಿ ನೋಡಿರಿ. ಪ್ಲೇಟಿನ ಹಲ್ಲುಗಳು ವರ್ಷಗಟ್ಟಲೆ ಬಡಿದು ಅಲ್ಲಿ ಸಣ್ಣ ತಗ್ಗುಗಳಾಗಿರುತ್ತವೆ. ಆ ತಗ್ಗಿನಲ್ಲಿ ಹಲ್ಲು ಸಿಕ್ಕಿಕೊಂಡರೆ ಪ್ಲೇಟು ಸಲೀಸಾಗಿ ಸರಿಯದು. ಹೊಸ ಪ್ಲೇಟು ಹಾಕಿಸಿಯೂ ಗಾಡಿ ಅದುರುತ್ತದೆಂಬ ದೂರಿಗೆ ಇದೇ ಮೂಲ. ತೆಳುವಾದ ತಗ್ಗಾದರೆ ನಯವಾದ ಅರದಿಂದ ತಿದ್ದಬಹುದು. ಆಳವಾಗಿದ್ದರೆ ಹೌಸಿಂಗೇ ಹೊಸದಾಗಬೇಕು. ಖರ್ಚು ಹೆಚ್ಚು, ನಿಜ. ಅದನ್ನು ಉಳಿಸಿದವನು ಅದೇ ಪ್ಲೇಟುಗಳಿಗೆ ಮತ್ತೊಮ್ಮೆ ಹಣ ತೆರುತ್ತಾನೆ.

ಹೊಸ ಲೇಪದ ಪ್ಲೇಟುಗಳನ್ನು ಜೋಡಿಸುವ ಮುನ್ನ, ಗಾಡಿಗೆ ಹಾಕುವ ಎಣ್ಣೆಯಲ್ಲಿಯೇ ಒಂದು ರಾತ್ರಿ ನೆನೆಸಿಡುವುದು ಉತ್ತಮ. ಕೊನೆಯಪಕ್ಷ ಎರಡು ಗಂಟೆಯಾದರೂ ಆಗಲಿ. ಒಣ ಪ್ಲೇಟು ಮೊದಲ ದಿನವೇ ಕರಕಲಾಗುವುದುಂಟು. ತೆಗೆದ ಅನುಕ್ರಮದಲ್ಲಿಯೇ ಜೋಡಿಸಿ, ಸ್ಪ್ರಿಂಗಿನ ಬೋಲ್ಟುಗಳನ್ನು ಮತ್ತೆ ಎದುರುಬದುರಾಗಿ ಸಮನಾಗಿ ಬಿಗಿಯಬೇಕು. ಅವು ಸಣ್ಣ ಬೋಲ್ಟುಗಳು, ಕೆಳಗಿರುವುದು ಅಲ್ಯೂಮಿನಿಯಮ್, ತೋಳ್ಬಲವನ್ನು ಅಲ್ಲಿ ತೋರಿಸಬಾರದು. ಮುಚ್ಚಳ ಹಾಕುವ ಮೊದಲು ಒಬ್ಬರು ಲೀವರು ಎಳೆಯಲಿ, ಇನ್ನೊಬ್ಬರು ಪ್ರೆಶರ್ ಪ್ಲೇಟು ಸುತ್ತಲೂ ಒಂದೇ ಸಮನಾಗಿ ಏಳುತ್ತದೆಯೇ ಎಂದು ನೋಡಲಿ.

ಎಡಗೈಯ ಮಾತು

ಇಷ್ಟೂ ಯಂತ್ರದ ವಿಚಾರವಾಯಿತು. ಕೇಬಲ್ಲಿನ ಒಂದು ತುದಿಯಲ್ಲಿ ಪ್ಲೇಟುಗಳಿರುವಂತೆ ಇನ್ನೊಂದು ತುದಿಯಲ್ಲಿ ಮನುಷ್ಯನ ಕೈಯಿದೆ. ಬಿಗಿಯಾದ ಕೇಬಲ್ಲನ್ನು ನಗರದ ಸಂದಣಿಯಲ್ಲಿ ದಿನವೂ ನೂರಾರು ಬಾರಿ ಎಳೆಯುವ ಕೈಗೆ ಅದರ ಪರಿಣಾಮ ತಪ್ಪದು. ಮಣಿಕಟ್ಟಿನ ಅಂಗೈ ಪಾರ್ಶ್ವದಲ್ಲಿ ಮೂಳೆಗಳೂ ಗಟ್ಟಿಯಾದ ಪಟ್ಟಿಯೂ ಸೇರಿ ಒಂದು ಇಕ್ಕಟ್ಟಾದ ಸುರಂಗವಾಗಿದೆ. ಬೆರಳುಗಳನ್ನು ಮಡಿಸುವ ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಅದರೊಳಗಿಂದ ಹಾಯುತ್ತವೆ. ರಜ್ಜುಗಳು ಊದಿಕೊಂಡರೆ ನರಕ್ಕೆ ಒತ್ತಡ. ಆಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಭಾಗದಲ್ಲಿ ಜೋಮು ಹಿಡಿಯುತ್ತದೆ. ರಾತ್ರಿ ನಿದ್ರೆಯಿಂದ ಎಚ್ಚರವಾಗಿ ಕೈಕೊಡವಿಕೊಳ್ಳುವಂತಾಗುತ್ತದೆ. ಕಿರುಬೆರಳಿಗೆ ಮಾತ್ರ ಜೋಮು ಬಂದರೆ ಅದು ಬೇರೆ ನರದ ತೊಂದರೆ; ಹ್ಯಾಂಡಲ್ಲಿನ ಮೇಲೆ ಅಂಗೈಯನ್ನು ಊರಿ ಭಾರ ಬಿಡುವವರಲ್ಲಿ ಕಾಣಬಹುದು. ಸಕ್ಕರೆ ಕಾಯಿಲೆಯವರು, ಥೈರಾಯ್ಡ್ ಗ್ರಂಥಿಯ ಸ್ರಾವ ಕಡಿಮೆಯಿರುವವರು, ಗರ್ಭಿಣಿಯರು ಈ ಸುರಂಗದ ತೊಂದರೆಗೆ ಬೇಗ ಒಳಗಾಗುತ್ತಾರೆ.

ಇನ್ನೊಂದು ನೋವು ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕದಲ್ಲಿ ಬರುತ್ತದೆ. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕರ್ವೇನ್ 1895ರಲ್ಲಿ ಇದನ್ನು ವಿವರಿಸಿದುದರಿಂದ ಅವನ ಹೆಸರಿನಿಂದಲೇ ವೈದ್ಯರು ಕರೆಯುತ್ತಾರೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿ, ಮುಷ್ಟಿಯನ್ನು ಕಿರುಬೆರಳಿನ ಕಡೆಗೆ ಬಾಗಿಸಿದಾಗ ಚುಚ್ಚುವ ನೋವು ಬಂದರೆ ಇದರ ಶಂಕೆ ಮಾಡಬೇಕು. ಎರಡು ಮೂರು ವಾರ ಕಳೆದರೂ ಜೋಮು ಇಳಿಯದಿದ್ದರೆ, ಕೈಯಿಂದ ಲೋಟ ಜಾರುವಂತಾದರೆ, ಹೆಬ್ಬೆರಳಿನ ಬುಡದ ಮಾಂಸ ಬಾಡಿದಂತೆ ತೋರಿದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ನರವು ಬಹುಕಾಲ ಒತ್ತಿಹೋದರೆ ಮತ್ತೆ ಪೂರ್ತಿ ಚೇತರಿಸಿಕೊಳ್ಳುವುದು ಕಷ್ಟ.

ಪ್ಲೇಟನ್ನು ಉಳಿಸುವ ಅಭ್ಯಾಸವೂ ಕೈಯನ್ನು ಉಳಿಸುವ ಅಭ್ಯಾಸವೂ ಬಹುಮಟ್ಟಿಗೆ ಒಂದೇ ಆಗಿರುವುದು ಸವಾರನ ಪುಣ್ಯ. ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಮಾಡಿ ಲೀವರನ್ನು ಬಿಟ್ಟುಬಿಡಿ. ಕೇಬಲ್ಲಿಗೆ ಆಗಾಗ ಎಣ್ಣೆ ಬಿಡಿ. ಲೀವರು ಕೂತಿರುವ ಕೋನವನ್ನು ನಿಮಗೆ ತಕ್ಕಂತೆ ತಿರುಗಿಸಿಕೊಳ್ಳಿ. ಬೆರಳು ಚಾಚಿದಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿರಬೇಕು. ಒಂದೇ ಸ್ಪ್ಯಾನರಿನ ಕೆಲಸವಾದರೂ ಮಾಡಿಸಿಕೊಳ್ಳುವವರು ವಿರಳ.

ಗ್ಯಾರೇಜಿನ ಹುಡುಗರನ್ನು ಮರೆಯಬಾರದು. ಬಳಸಿ ಕಪ್ಪಾದ ಎಂಜಿನ್ ಎಣ್ಣೆಯು ಚರ್ಮಕ್ಕೆ ಒಳ್ಳೆಯದಲ್ಲ. ದಿನವೂ ಅದರಲ್ಲಿ ಮುಳುಗಿದ ಕೈಗಳಲ್ಲಿ ತುರಿಕೆ, ಬಿರುಕು, ಮೊಡವೆಯಂಥ ಗುಳ್ಳೆಗಳೇಳುತ್ತವೆ. ಇಲಿಗಳ ಚರ್ಮದ ಮೇಲೆ ದೀರ್ಘಕಾಲ ಹಚ್ಚಿ ನೋಡಿದ ಪ್ರಯೋಗಗಳಲ್ಲಿ ಕ್ಯಾನ್ಸರೂ ಕಂಡುಬಂದಿದೆ. ಆ ಎಣ್ಣೆಯನ್ನು ತೊಳೆಯಲು ಪೆಟ್ರೋಲಿನಲ್ಲಿ ಕೈಯದ್ದುವುದಂತೂ ಇನ್ನೂ ಕೆಟ್ಟದು. ಚರ್ಮದ ಸಹಜವಾದ ಜಿಡ್ಡನ್ನೆಲ್ಲ ಅದು ಕಿತ್ತು ತೆಗೆಯುತ್ತದೆ. ಕೆಲಸಕ್ಕೆ ಮೊದಲು ರಬ್ಬರಿನ ತೆಳು ಕೈಚೀಲ, ಮುಗಿದ ಮೇಲೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಒರೆಸಿ ಸಾಬೂನು: ಇಷ್ಟೇ ಸಾಕು.

ಧೂಳಿನದು ಇನ್ನೊಂದು ಕಥೆ. ಹಿಂದೆ ಬ್ರೇಕು ಹಾಗೂ ಕ್ಲಚ್ಚುಗಳ ಲೇಪದಲ್ಲಿ ಕಲ್ನಾರನ್ನು, ಎಂದರೆ ಆಸ್ಬೆಸ್ಟಾಸನ್ನು, ಧಾರಾಳವಾಗಿ ಬಳಸುತ್ತಿದ್ದರು. ಅದರ ಸೂಕ್ಷ್ಮವಾದ ಎಳೆಗಳು ಶ್ವಾಸಕೋಶವನ್ನು ಸೇರಿ, ಇಪ್ಪತ್ತು ನಲವತ್ತು ವರ್ಷಗಳ ನಂತರ ರೋಗವಾಗಿ ಹೊರಬೀಳುತ್ತವೆ. ಕಲ್ನಾರಿನ ಕೆಲಸಗಾರರ ಆರೋಗ್ಯದ ಹಕ್ಕನ್ನು ಕುರಿತು ನಮ್ಮ ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪು ಕೊಟ್ಟು, ಅವರ ಆರೋಗ್ಯದ ದಾಖಲೆಗಳನ್ನು 40 ವರ್ಷ ಕಾಪಾಡಬೇಕೆಂದುದು ಇದೇ ಕಾರಣಕ್ಕೆ. ಮೋಟಾರ್ ಸೈಕಲ್ಲಿನ ಕ್ಲಚ್ಚು ಎಣ್ಣೆಯಲ್ಲಿರುವುದರಿಂದ ಧೂಳು ಹಾರುವುದಿಲ್ಲ. ಹೊಳಪೇರಿದ ಹಳೆಯ ಪ್ಲೇಟನ್ನು ಮರಳು ಕಾಗದದಿಂದ ಉಜ್ಜಿದರೆ ಹಾರುತ್ತದೆ. ಗೇರಿಲ್ಲದ ಸ್ಕೂಟರಿನ ಕ್ಲಚ್ಚು ಒಣದು. ಅದರ ಪೆಟ್ಟಿಗೆಯನ್ನು ತೆರೆದೊಡನೆ ಕಪ್ಪು ಧೂಳು ಕಾಣುತ್ತದೆ. ಬ್ರೇಕ್ ಡ್ರಮ್ಮಿನದೂ ಅದೇ ಬಗೆ. ಇಂದಿನ ಲೇಪಗಳಲ್ಲಿ ಬಹಳಷ್ಟು ಕಲ್ನಾರಿಲ್ಲದವು. ಬೀದಿಬದಿಯ ಅಂಗಡಿಯ ಹೆಸರಿಲ್ಲದ ಅಗ್ಗದ ಮಾಲಿನಲ್ಲಿ ಏನಿದೆಯೆಂದು ಕೈಯಿಂದ ಮುಟ್ಟಿ ಹೇಳುವಂತಿಲ್ಲ. ಆದುದರಿಂದ ಆ ಧೂಳನ್ನು ಗಾಳಿಯ ಪೈಪಿನಿಂದ ಊದಬಾರದು, ಬಾಯಿಂದಂತೂ ಊದಲೇಬಾರದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಒಂದು ಚೀಲದಲ್ಲಿ ಕಟ್ಟಿ ಎಸೆಯಬೇಕು. ಪಕ್ಕದಲ್ಲಿ ಚಹಾ ಕಾಯಿಸುವವನಿದ್ದರೆ ಅವನನ್ನು ಸ್ವಲ್ಪ ದೂರ ಸರಿಯಲು ಹೇಳುವುದು ಒಳ್ಳೆಯದು.

ತಟ್ಟೆಯಲ್ಲಿ ಬಿದ್ದ ಹಳೆಯ ಎಣ್ಣೆಯನ್ನು ಮೋರಿಗೆ ಸುರಿಯುವ ರೂಢಿ ಎಲ್ಲೆಡೆಯೂ ಇದೆ. ದೇವಳಾಲಿಯ ಮೋರಿಯ ನೀರು ದಾರಣಾ ನದಿಯನ್ನು ಸೇರುತ್ತದೆ. ದಾರಣಾ ಗೋದಾವರಿಯನ್ನು ಸೇರುತ್ತದೆ. ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆಯನ್ನು ಸಂಸ್ಕರಣೆಗೆ ಒಯ್ಯುವವರಿಗೆ ಕೊಡಲು ಗ್ಯಾರೇಜಿನವರಿಗೆ ಹೇಳಿರಿ.

ಹೊಸ ಪ್ಲೇಟು ಹಾಕಿದ ಗಾಡಿಯನ್ನು ಮರುದಿನವೇ ಘಟ್ಟಕ್ಕೆ ಒಯ್ಯಬೇಡಿ. ಮೊದಲ ಮುನ್ನೂರು ಕಿಲೋಮೀಟರು ಭಾರ ಹೇರದೆ, ರಭಸದಿಂದ ಎಬ್ಬಿಸದೆ ಊರೊಳಗೇ ಓಡಿಸಿದರೆ ಲೇಪವೂ ಉಕ್ಕೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಆ ಅವಧಿಯಲ್ಲಿ ಲೀವರಿನ ಸಡಿಲು ಖಂಡಿತವಾಗಿ ಬದಲಾಗಿರುತ್ತದೆ. ಕೇಬಲ್ಲನ್ನು ಮತ್ತೊಮ್ಮೆ ಹೊಂದಿಸಿಕೊಂಡು, ಚೈನ್ ಕೇಸಿನಿಂದ ಎಣ್ಣೆ ಜಿನುಗುತ್ತಿಲ್ಲವೆಂದು ನೋಡಿಕೊಂಡು, ಆಮೇಲೆ ಕಸಾರಾದ ದಾರಿ ಹಿಡಿಯಿರಿ.